ಹನ್ನೆರಡು ತಿಂಗಳು ಕಥೆ ಓದಿದ ನಿಮಗೆಲ್ಲ

ನಮ್ಮ ತಿಂಗಳ ಕಥಾ ಸ್ಪರ್ಧೆಗೆ ಈ ಡಿಸೆಂಬರ್‌ಗೆ ಒಂದು ವರ್ಷ ತುಂಬಿತು. ಸಾಗರದಲ್ಲಿ ಐದಾರು ಜನ ಸೇರಿ ಸುಮ್ನೆ ಶುರು ಮಾಡಿದ್ದು. ಮೂರು ತಿಂಗಳು ನಡೆದರೆ ಅದೇ ಜಾಸ್ತಿ ಅಂದುಕೊಂಡಿದ್ದೆ. ಆದರೆ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಅದೂ ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು, ಅಲ್ಲಿಂದ ನಮಗೆ ಬರುವ ಕಥೆಗಳೂ ಒಂದೇ ಸಮ ಜಾಸ್ತಿಯಾದವು.

ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. 600 ಪದದೊಳಗಿನ ಕಥೆ, ಹೆಸರು ತೆಗೆದು ನಂಬರ್ ಹಾಕುವುದು, ಎಲ್ಲ ಓದಿ ತಮಗೆ ಇಷ್ಟವಾದ ಒಂದೇ ಒಂದು ಕಥೆಯ ನಂಬರನ್ನು ಚೀಟಿಯಲ್ಲಿ ಬರೆದು ಕೊಡುವುದು, ಯಾಕೆ ಇಷ್ಟ ಅಂತ ಕೆಳಗೆ ಒಂದು ಸಾಲು. ಈ ಒಂದು ಸಾಲಿಗೇ ನಾನು ಇವತ್ತು ಥ್ಯಾಂಕ್ಸ್ ಹೇಳಬೇಕಾಗಿರುವುದು.

ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ತೆರೆಯಿತು. ಹಾಗಾಗಿ ಆಗಸ್ಟ್‌ಗೆ ‘ಸೇತುವೆ’ ಅಂತಲೇ ವಿಷಯ ಕೊಟ್ಟೆವು. ಬಂದ ಕಥೆಗಳಲ್ಲಿ ಮುಕ್ಕಾಲು ಪಾಲು ಅರವತ್ತು ವರ್ಷದ ಕಾಯುವಿಕೆ, ಹಿನ್ನೀರು ದಾಟಿಸುವ ಲಾಂಚ್ ಸಿಗದೆ ದಡದಲ್ಲೇ ಹೆರಿಗೆ, ಕೊನೆಗೆ ಸೇತುವೆ. ತಪ್ಪಲ್ಲ, ಆಚೆ ದಡದ ತುಮರಿ ಕಡೆಯವರು ಪಟ್ಟ ಕಷ್ಟ ಹಾಗೇ ಇತ್ತು. ಆದರೆ ನಂಬರ್ 9 ಬೇರೆ ಥರ ಇತ್ತು. ಅಂಬಾರಗೋಡ್ಲು ದಡದಲ್ಲಿ ಕಡಲೆ ಮಾರುವ ಹೆಂಗಸು. ಸೇತುವೆ ತೆರೆದ ದಿನ ಎಂದಿನಂತೆ ಪೊಟ್ಟಣ ಕಟ್ಟಿ ಕೂರುತ್ತಾಳೆ. ಜನ ಎಲ್ಲ ಮೇಲೆ ಸೇತುವೆಯಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ. ಸಂಜೆ ಅವಳು ಪೊಟ್ಟಣಗಳನ್ನು ಬಿಚ್ಚಿ ಕಡಲೆಯನ್ನು ಡಬ್ಬಿಗೆ ಸುರಿದು, ಕಾಗದಗಳನ್ನು ನೀಟಾಗಿ ಮಡಿಸಿ ಇಡುತ್ತಾಳೆ. ಅಷ್ಟೇ ಕಥೆ.

ನಾನು ಪಕ್ಕದಲ್ಲಿ ‘ಮುಗಿದಿಲ್ಲ’ ಅಂತ ಬರೆದು ಬದಿಗಿಟ್ಟೆ. ಭಾರಿ ವಿಮರ್ಶಕನ ಥರ!

ಚೀಟಿ ಎಣಿಸಿದರೆ 9, 9, ಮತ್ತೆ 9. ಒಬ್ಬ ಹಿರಿಯರ ಚೀಟಿಯಲ್ಲಿ ಇದ್ದ ಸಾಲು: ‘ಮುಳುಗಡೆಯಲ್ಲಿ ಮನೆ ಬಿಡುವಾಗ ನಮ್ಮಮ್ಮ ಬಾಗಿಲ ಚಿಲಕ ಬಿಚ್ಚಿಕೊಂಡು ಬಂದಿದ್ದಳು. ಈ ಕಾಗದ ನೋಡಿ ಅದು ನೆನಪಾಯಿತು.’ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಬಗ್ಗೆ ನಾನು ಓದಿದ್ದು ಕಡಿಮೆಯೇನಲ್ಲ, ಆದರೂ ಆ ಚಿಲಕ ಎಲ್ಲೂ ಸಿಕ್ಕಿರಲಿಲ್ಲ. ಅವತ್ತು ರಾತ್ರಿ ಕಥೆಯನ್ನು ಮತ್ತೆ ಓದಿದೆ. ಮುಗಿದಿತ್ತು. ನಾನೇ ಬೇಗ ಎದ್ದು ಹೋಗಿದ್ದೆ.

ಆ ಕಥೆ ಬಂದಿದ್ದು ಶಾಲೆ ನೋಟ್‌ಬುಕ್ಕಿನ ಹಾಳೆಯ ಫೋಟೋ ಆಗಿ, ವಾಟ್ಸಾಪ್‌ನಲ್ಲಿ. ಅದನ್ನು ಟೈಪ್ ಮಾಡಿಕೊಟ್ಟ, ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಬರೆದು ಕಳಿಸಿದ ಕಥೆಗಳು ಮೊಬೈಲಲ್ಲಿ ಬರೀ ಚಿತ್ರಲಿಪಿಯಾದಾಗ ಎಲ್ಲವನ್ನೂ ಯೂನಿಕೋಡ್‌ಗೆ ತಂದುಕೊಟ್ಟ ನಮ್ಮ ಡಿಟಿಪಿ ತಂಗಿಗೆ ಏನು ಹೇಳಿದರೂ ಕಡಿಮೆಯೇ. ಅಕ್ಟೋಬರ್‌ನಲ್ಲಿ ಅಮ್ಮನ ಆಪರೇಷನ್ ಅಂತ ನಾನು ಆಸ್ಪತ್ರೆ ಬೆಂಚಿನ ಮೇಲಿದ್ದಾಗ ಒಂದು ಫೋನೂ ಮಾಡದೆ ನೀವೆಲ್ಲ ತಿಂಗಳಿಡೀ ಕೆಲಸ ಮುಗಿಸಿದಿರಿ. ಅಮ್ಮ ಈಗ ಆರಾಮ, ಚೀಟಿಗಳನ್ನು ಅವರೇ ಎಣಿಸುತ್ತಾರೆ. ನವೆಂಬರ್‌ನಲ್ಲಿ ನಾನು ಹೆಸರು ತೆಗೆಯದೆಯೇ ಕಥೆಗಳನ್ನು ಎಲ್ಲರಿಗೂ ಕಳಿಸಿಬಿಟ್ಟೆ, ಅದಕ್ಕೂ ನೀವು ಬರೀ ನಕ್ಕಿರಿ.

ಜನವರಿಯ ವಿಷಯ ‘ಬೀಗದ ಕೈ’. 25ರೊಳಗೆ ಕಳಿಸಿ. ದಯವಿಟ್ಟು ಕಥೆಯ ಕೆಳಗೆ ಹೆಸರು ಬರೀಬೇಡಿ, ನನ್ನನ್ನು ನಂಬೋ ಹಾಗಿಲ್ಲ.