ಮನೆಯಲ್ಲಿ ಕಲಿಯುವ ಮಕ್ಕಳಿಗೂ ಶನಿವಾರದ ಪ್ರಯೋಗಾಲಯ ತೆರೆಯಲಿ

ಮಾನ್ಯ ಸಂಪಾದಕರೇ,

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುವ ತಂದೆತಾಯಿಗಳು ಬೆಂಗಳೂರಿನಲ್ಲಿ ಈಗ ಅಪರೂಪವೇನಲ್ಲ. ಅವರ ನಿರ್ಧಾರ ಸರಿಯೇ ತಪ್ಪೇ ಎಂಬ ವಾದಕ್ಕೆ ನಾನು ಕೈ ಹಾಕುವುದಿಲ್ಲ. ಆ ಮಕ್ಕಳು ಹನ್ನೊಂದು ಹನ್ನೆರಡನೇ ವಯಸ್ಸಿಗೆ ಬಂದಾಗ ಎದುರಾಗುವ ಒಂದು ಕಷ್ಟದ ಬಗ್ಗೆಯಷ್ಟೇ ಬರೆಯುತ್ತಿದ್ದೇನೆ. ಅಲ್ಲಿಯವರೆಗೆ ಓದು, ಬರಹ, ಮಗ್ಗಿ, ಕಥೆಗಳನ್ನು ಮನೆಯವರೇ ನಿಭಾಯಿಸುತ್ತಾರೆ. 6ನೇ ತರಗತಿಯ ಮಟ್ಟ ದಾಟುತ್ತಿದ್ದಂತೆ ಬೀಜಗಣಿತ, ವಿದ್ಯುತ್ತು, ಜೀವಕೋಶ, ಸಂವಿಧಾನ ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಇವೆಲ್ಲ ಒಬ್ಬ ತಾಯಿಗೋ ತಂದೆಗೋ ಗೊತ್ತಿರಬೇಕೆಂದು ಬಯಸುವುದು ನ್ಯಾಯವಲ್ಲ. ಮಗುವಿಗೂ ಆ ವಯಸ್ಸಿನಲ್ಲಿ ಓರಗೆಯವರು ಬೇಕು. ಅಮೆರಿಕದಲ್ಲಿ ಜೂನಿಯರ್ ಹೈ ಎನ್ನುವ ಈ ಹಂತದ ಮಕ್ಕಳಿಗಾಗಿ ಕೆಲವು ಕುಟುಂಬಗಳು ಒಟ್ಟು ಸೇರಿ, ವಾರದಲ್ಲಿ ಒಂದೆರಡು ದಿನ ಪ್ರಾಜೆಕ್ಟ್ ಆಧಾರಿತ ತರಗತಿ ನಡೆಸುವುದು ಹಳೆಯ ರೂಢಿ. ನಮ್ಮ ನಗರದಲ್ಲೂ ಅಂಥ ಪ್ರಯತ್ನಗಳು ನಡೆದಿವೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸಿ ನಿವೃತ್ತಳಾದ ನಾನು ಮೂರು ವರ್ಷಗಳಿಂದ ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ಇಂಥ ಒಂಬತ್ತು ಮಕ್ಕಳಿಗೆ ಮಂಗಳವಾರ ಮತ್ತು ಶುಕ್ರವಾರ ಪಾಠ ಹೇಳುತ್ತಿದ್ದೇನೆ.

ಪೋಷಕರು ಕೇಳಿಕೊಂಡು ಬಂದಾಗ ನಾನು ಮೊದಲು ಒಪ್ಪಿರಲಿಲ್ಲ. ಪ್ರಾಜೆಕ್ಟ್ ಎಂದರೆ ನಮ್ಮಲ್ಲಿ ಥರ್ಮಾಕೋಲ್, ಬಣ್ಣದ ಕಾಗದ, ಫೆವಿಕಾಲ್, ಹಿಂದಿನ ರಾತ್ರಿ ಹನ್ನೊಂದು ಗಂಟೆಯವರೆಗೆ ಕಣ್ಣು ಬಿಟ್ಟುಕೊಂಡು ಕೂತ ತಾಯಿ. ಅಣ್ಣನೋ ಅಂಗಡಿಯವನೋ ಮಾಡಿಕೊಟ್ಟ ಜ್ವಾಲಾಮುಖಿಗೆ, ಗೊತ್ತಿದ್ದೂ ಗೊತ್ತಿದ್ದೂ ನಾನೇ ಎಷ್ಟೋ ಸಲ ಅಂಕ ಕೊಟ್ಟಿದ್ದೇನೆ. ಅದೇ ವ್ಯವಹಾರವನ್ನು ನಿವೃತ್ತಿಯ ಮೇಲೆ ಮುಂದುವರಿಸುವ ಮನಸ್ಸಿರಲಿಲ್ಲ. ಅಭಿಪ್ರಾಯ ಬದಲಾದದ್ದು ಒಂದು ಮಳೆಗಾಲದಲ್ಲಿ.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗಾಗಿ ಬಡಾವಣೆಗಳು ಕಾದು ನಿಂತದ್ದನ್ನು ಮಕ್ಕಳು ಕಂಡಿದ್ದರು. ಹಾಗಾಗಿ ಮಳೆ ಶುರುವಾದಾಗ 30×40 ಸೈಟಿನ ಒಂದು ಮನೆಯ ಮೇಲೆ ವರ್ಷಕ್ಕೆ ಎಷ್ಟು ನೀರು ಬೀಳುತ್ತದೆ ಎಂಬ ಪ್ರಶ್ನೆ ಇಟ್ಟುಕೊಂಡೆವು. ಮಳೆಮಾಪಕವನ್ನು ಅವರೇ ಮಾಡಿದರು: 8 ಸೆಂಟಿಮೀಟರ್ ಅಗಲದ ಬಾಟಲಿ, ಅದರ ಮೇಲೆ 16 ಸೆಂಟಿಮೀಟರ್ ಅಗಲದ ಆಲಿಕೆ. ಒಂದು ಬೆಳಿಗ್ಗೆ ಒಬ್ಬ ಹುಡುಗಿ, ರಾತ್ರಿಯ ಮಳೆ 88 ಮಿಲಿಮೀಟರ್ ಎಂದು ಬರೆದುಕೊಂಡು ಬಂದಳು. ಪತ್ರಿಕೆಯಲ್ಲಿ ಅಚ್ಚಾಗಿದ್ದ ಅಂಕಿ ಇಪ್ಪತ್ತರ ಆಸುಪಾಸಿನಲ್ಲಿತ್ತು. ಬೆಂಗಳೂರಿನಲ್ಲಿ ಬಡಾವಣೆಗೊಂದು ಮಳೆಯಾದ್ದರಿಂದ ತಮ್ಮ ಅಂಕಿಯೇ ಸರಿಯೆಂದು ಮಕ್ಕಳು ವಾದಿಸಿದರು. ವಾದದಲ್ಲಿ ಹುರುಳಿತ್ತು, ನಾನೂ ತಕ್ಷಣ ತಳ್ಳಿಹಾಕಲಿಲ್ಲ. ಮುಂದಿನ ಮಳೆಗೆ ಆಲಿಕೆಯಿಲ್ಲದ, ಬಾಯಿಂದ ಬುಡದವರೆಗೆ ಒಂದೇ ಅಗಲವಿರುವ ಡಬ್ಬಿಯನ್ನೂ ಪಕ್ಕದಲ್ಲಿಟ್ಟರು. ಬಾಟಲಿ ಡಬ್ಬಿಗಿಂತ ನಾಲ್ಕು ಪಟ್ಟು ತೋರಿಸಿತು. ಎರಡು ಪಟ್ಟು ಅಗಲದ ಆಲಿಕೆ ನಾಲ್ಕು ಪಟ್ಟು ನೀರು ಹೇಗೆ ಹಿಡಿಯಿತು? ವೃತ್ತದ ವಿಸ್ತೀರ್ಣ ತ್ರಿಜ್ಯದ ವರ್ಗವನ್ನು ಅವಲಂಬಿಸಿದೆಯೆಂದು ಕಪ್ಪುಹಲಗೆಯ ಮೇಲೆ ಮೂವತ್ತು ವರ್ಷ ಬರೆದಿದ್ದೆ. ಯಾಕೆ ಎಂದು ಅಷ್ಟು ಸಿಟ್ಟಿನಿಂದ ಕೇಳಿದ ಮಕ್ಕಳನ್ನು ಅವತ್ತೇ ಕಂಡದ್ದು.

ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. 1,200 ಚದರ ಅಡಿ ಎಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಗರದ ವಾರ್ಷಿಕ ಮಳೆ ಸರಾಸರಿ ಸುಮಾರು 970 ಮಿಲಿಮೀಟರ್. ಗುಣಿಸಿದಾಗ ಒಂದು ಲಕ್ಷ ಲೀಟರಿಗೂ ಮಿಗಿಲಾಯಿತು. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ ನಾಲ್ವರ ಸಂಸಾರಕ್ಕೆ ಇನ್ನೂರು ದಿನ ಕಾವೇರಿ ನೀರೇ ಬೇಡವೆಂದು ಒಬ್ಬ ಹುಡುಗ ಘೋಷಿಸಿಬಿಟ್ಟ. ಇನ್ನೊಬ್ಬ, ಸಂಪಿನಲ್ಲಿ ಎಷ್ಟು ಹಿಡಿಯುತ್ತದೆ ಎಂದು ಕೇಳಿದ. ಆ ಮನೆಯ ಸಂಪು 8,000 ಲೀಟರಿನದು. ತುಂಬಿದರೂ ಹದಿನೈದು ದಿನಕ್ಕೆ ಖಾಲಿ. ಮಳೆ ಬೀಳುವುದು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ನೀರು ಬೇಕಾಗುವುದು ಮಾರ್ಚ್‌ನಲ್ಲಿ. ಸರಾಸರಿ ಎಂಬ ಸಂಖ್ಯೆ ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುವುದಿಲ್ಲ. ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದ 2009ರ ಜಲಮಂಡಳಿ ಕಾಯ್ದೆ ತಿದ್ದುಪಡಿಯ ಬಗ್ಗೆ ಓದಿ, ಜಯನಗರ 5ನೇ ಬ್ಲಾಕಿನಲ್ಲಿರುವ ಮಂಡಳಿಯ ಮಳೆನೀರು ಸಂಗ್ರಹ ಉದ್ಯಾನಕ್ಕೆ ಹೋಗಿ ಬಂದು, ಪ್ರತಿಯೊಬ್ಬರೂ ನಾಲ್ಕು ಪುಟದ ವರದಿ ಬರೆದರು.

ಆದರೆ ಇಲ್ಲಿ ಪೋಷಕರಿಗೆ ಒಂದು ಮಾತು ಹೇಳಲೇಬೇಕು. ಆ ಬಾಟಲಿ ಕೊಟ್ಟದ್ದು ಪ್ರಶ್ನೆಯನ್ನು ಮಾತ್ರ. ಉತ್ತರಕ್ಕಾಗಿ ಎರಡು ವಾರ ಪಠ್ಯಪುಸ್ತಕ ತೆರೆದು, ವಿಸ್ತೀರ್ಣ ಮತ್ತು ಘನಫಲದ ಲೆಕ್ಕಗಳನ್ನು ಸಾಲುಸಾಲಾಗಿ ಬಿಡಿಸಬೇಕಾಯಿತು, ಅದೂ ಬೇಸರದ ಕೆಲಸವೇ. ಈ ಎರಡು ವಾರಗಳನ್ನು ಬಿಟ್ಟು, ರೋಬೋಟ್ ಕಿಟ್, ಡ್ರೋನ್, ಮಣ್ಣಿನ ಆಟ, ಕೊನೆಗೊಂದು ಪ್ರದರ್ಶನ ಮತ್ತು ಫೋಟೊ ಎಂದು ಸಾಗುವ ತರಗತಿಗಳಿಗೆ ದುಬಾರಿ ಶುಲ್ಕ ಕಟ್ಟುವವರನ್ನು ನೋಡಿದ್ದೇನೆ. ಎನ್‌ಐಒಎಸ್ ಎಂದೇ ಹೆಸರಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಸೆಕೆಂಡರಿ, ಅಂದರೆ 10ನೇ ತರಗತಿ ಮಟ್ಟದ ಪರೀಕ್ಷೆಗೆ 14 ವರ್ಷ ತುಂಬಿದವರು ಶಾಲೆಗೆ ಹೋಗದೆಯೂ ಕೂರಬಹುದು. ಐದು ವಿಷಯ ತೇರ್ಗಡೆಯಾಗಬೇಕು. ಹದಿಮೂರರವರೆಗೆ ಬರೀ ಪ್ರದರ್ಶನ ಮಾಡಿದ ಮಗು ಆ ಪ್ರಶ್ನೆಪತ್ರಿಕೆಯ ಮುಂದೆ ಕಂಗಾಲಾಗುತ್ತದೆ. ತರಗತಿಗೆ ಸೇರಿಸುವ ಮುನ್ನ ಗೋಡೆಯ ಮೇಲಿನ ಚಿತ್ರಗಳನ್ನು ನೋಡುವ ಬದಲು ಮಕ್ಕಳ ನೋಟ್‌ಬುಕ್ ತರಿಸಿ ನೋಡಿ. ತಪ್ಪಿ, ಹೊಡೆದುಹಾಕಿ, ತಿದ್ದಿದ ಲೆಕ್ಕಗಳು ಅದರಲ್ಲಿ ಇವೆಯೇ ಎಂದು ಹುಡುಕಿ.

ಕನ್ನಡದ ವಿಷಯ ಇನ್ನೂ ಬೇಸರದ್ದು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಶಾಲೆಗಳಿಗೆ ಅನ್ವಯಿಸುವುದರಿಂದ ಮನೆಯಲ್ಲಿ ಕಲಿಯುವವರು ಅದರ ಹೊರಗೇ ಉಳಿಯುತ್ತಾರೆ. ನಾನು ಕಂಡ ಇಂಥ ಕೂಟಗಳಲ್ಲಿ ಪಾಠ, ಆಟ, ಜಗಳ ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಅಜ್ಜಿಯ ಜೊತೆ ಕನ್ನಡದಲ್ಲೇ ಮಾತನಾಡುವ ಮಕ್ಕಳ ನಡುವೆ. ನಮ್ಮ ಗುಂಪನ್ನು ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಕರೆದೊಯ್ದು, ಸುಮಾರು ಕ್ರಿ.ಶ. 890ರದೆಂದು ಹೇಳುವ, ಬೆಂಗಳೂರಿನ ಕಾಳಗವನ್ನು ಹೆಸರಿಸುವ ವೀರಗಲ್ಲಿನ ಮುಂದೆ ನಿಲ್ಲಿಸಿದೆವು. ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಮೊದಲೇ ಈ ಊರಿನ ಹೆಸರು ಕಲ್ಲಿನಲ್ಲಿತ್ತೆಂದು ತಿಳಿದ ಮೇಲೆ, ಹಳಗನ್ನಡದ ಅಕ್ಷರ ಕಲಿಸಿ ಎಂದು ಅವರೇ ದುಂಬಾಲು ಬಿದ್ದರು. ಎನ್‌ಐಒಎಸ್‌ನಲ್ಲಿ ಕನ್ನಡವನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು ಎಂಬುದೂ ಹಲವು ಪೋಷಕರಿಗೆ ಗೊತ್ತಿರಲಿಲ್ಲ.

ಇನ್ನು ಸರ್ಕಾರದ ಪಾತ್ರ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ವಯಸ್ಸಿನ ಮಕ್ಕಳನ್ನು ಶಾಲೆಗೆ ದಾಖಲಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ, ತಪ್ಪಿದರೆ ಅವರಿಗೆ ದಂಡ ಹೇಳುವುದಿಲ್ಲ. ಮನೆಯಲ್ಲಿ ಕಲಿಸುವವರ ಹೆಸರೆತ್ತುವುದೂ ಇಲ್ಲ. ಆದರೆ ಮಾನ್ಯತೆಯಿಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ. ಒಂಬತ್ತು ಮಕ್ಕಳು ವಾರದಲ್ಲಿ ಎರಡು ದಿನ ಸೇರುವುದು ಶಾಲೆಯೇ, ಮನೆಪಾಠವೇ? ಸ್ಪಷ್ಟ ಉತ್ತರ ಸಿಗದೆ ನಮ್ಮ ಮನೆಯೊಡತಿ ಗೇಟಿಗೆ ಒಂದು ಫಲಕ ಹಾಕಲೂ ಹೆದರುತ್ತಾರೆ. ಇಂಥ ಕೂಟಗಳು ಏನು ಮಾಡಬಹುದು, ಏನು ಮಾಡಬಾರದು, ಮಕ್ಕಳ ಸುರಕ್ಷತೆಗೆ ಯಾವ ನಿಯಮ ಪಾಲಿಸಬೇಕು ಎಂದು ಶಾಲಾ ಶಿಕ್ಷಣ ಇಲಾಖೆ ಎರಡು ಪುಟದ ಸುತ್ತೋಲೆ ಹೊರಡಿಸಿದರೆ ಸಾಕು.

ಎರಡನೆಯ ಕೋರಿಕೆ ಪ್ರಯೋಗಾಲಯದ್ದು. ಮಹಡಿಯ ಮೇಲೆ ಮಳೆ ಅಳೆಯಬಹುದು, ಆಮ್ಲ ಸುರಿಯಲಾಗುವುದಿಲ್ಲ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಸರ್ಕಾರಿ ಪ್ರೌಢಶಾಲೆಗಳ ಪ್ರಯೋಗಾಲಯಗಳಿಗೆ ಬೀಗ ಬೀಳುತ್ತದೆ. ಬೀಗದ ಕೈ ವರ್ಷಗಟ್ಟಲೆ ನನ್ನ ಬಳಿಯೇ ಇತ್ತಾದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ. ಉಳ್ಳವರ ಮಕ್ಕಳಿಗೆ ಸರ್ಕಾರಿ ಸವಲತ್ತು ಯಾಕೆಂದು ಓದುಗರು ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಆದ್ದರಿಂದ ಮನೆಯಲ್ಲಿ ಕಲಿಯುವವರು ಬಳಕೆಯ ಶುಲ್ಕ ಕೊಡಲಿ, ಒಡೆದ ಗಾಜಿನ ಸಾಮಾನು ತುಂಬಿಕೊಡಲಿ, ಮುಖ್ಯವಾಗಿ ಆ ಭಾಗದ ಸರ್ಕಾರಿ ಶಾಲೆಗಳ 6ರಿಂದ 8ನೇ ತರಗತಿಯ ಮಕ್ಕಳೂ ಅದೇ ಮೇಜಿನ ಸುತ್ತ ನಿಂತು ಅದೇ ಪ್ರಾಜೆಕ್ಟ್ ಮಾಡಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದೇ ತರಗತಿಗಳಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಕಲಿಕೆಯನ್ನು ಸೂಚಿಸಿತ್ತು. ನೀತಿಯ ಬಗ್ಗೆ ರಾಜ್ಯದ ನಿಲುವು ಏನೇ ಇದ್ದರೂ ಈ ಒಂದು ಸಲಹೆಗೆ ಯಾರ ತಕರಾರೂ ಇರಲಾರದು. ಮೇಲ್ವಿಚಾರಣೆಗೆ ನಿವೃತ್ತ ಶಿಕ್ಷಕರನ್ನು ಗೊತ್ತುಮಾಡಬಹುದು. ದಕ್ಷಿಣ ಬೆಂಗಳೂರಿನ ಯಾವುದೇ ಸರ್ಕಾರಿ ಶಾಲೆ ಒಪ್ಪಿದರೆ, ಮೊದಲ ಒಂದು ವರ್ಷ ಸಂಬಳವಿಲ್ಲದೆ ಪ್ರತಿ ಶನಿವಾರ ಬರಲು ನಾನು ಸಿದ್ಧಳಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕಿ
ಬಸವನಗುಡಿ, ಬೆಂಗಳೂರು