ಗೆಳೆಯನಿಗೆ ಉತ್ತರ ಕಳಿಸುವ ಮುಂಚೆ

ಪ್ರೀತಿಯ ಸುಹಾಸ್‌ಗೆ, ಮಾವನ ಆಶೀರ್ವಾದಗಳು.

ನಿನ್ನ ಗೆಳೆಯನಿಗೆ ಬರೆದಿಟ್ಟ ಉತ್ತರವನ್ನು ಪೂರ್ತಿ ಓದಿದೆ. ತುಂಬಾ ಕಷ್ಟಪಟ್ಟಿದ್ದೀಯ. ಆದರೆ ಈಗಲೇ ಕಳಿಸಬೇಡ. ನಮ್ಮ ಮಾರ್ಮನ್ ಚರ್ಚಿನ ಸಮರ್ಥಕರ ವಾದಗಳೆಲ್ಲ ಅದರಲ್ಲಿವೆ, ಅವನು ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ.

ಅವನು ಕೇಳಿದ್ದು ನಮ್ಮ ಧರ್ಮಗ್ರಂಥಗಳಲ್ಲಿ ಒಂದಾದ ಅಬ್ರಹಾಮನ ಪುಸ್ತಕದ ಬಗ್ಗೆ, ಬೈಬಲ್ಲಿನ ಅಬ್ರಹಾಮನೇ ಬರೆದದ್ದರ ಅನುವಾದ ಅದು ಅನ್ನೋದು ನಿಜವೇ ಅಂತ. ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳು. 1835ರಲ್ಲಿ ಮೈಕಲ್ ಚಾಂಡ್ಲರ್ ಎಂಬಾತ ಈಜಿಪ್ಟಿನ ಮಮ್ಮಿಗಳನ್ನೂ ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಲದ ಕಾಗದ) ಸುರುಳಿಗಳನ್ನೂ ಅಮೆರಿಕದ ಓಹಾಯೋದ ಕರ್ಟ್‌ಲೆಂಡ್‌ಗೆ ತಂದ. ನಮ್ಮವರು 2,400 ಡಾಲರಿಗೆ ಕೊಂಡರು. ಅದರಲ್ಲಿ ಅಬ್ರಹಾಮನ ಬರಹವಿದೆ ಎಂದ ನಮ್ಮ ಚರ್ಚಿನ ಸ್ಥಾಪಕ ಜೋಸೆಫ್ ಸ್ಮಿತ್, 1842ರಲ್ಲಿ ಅನುವಾದ ಅಚ್ಚು ಹಾಕಿಸಿದರು. 1871ರ ಶಿಕಾಗೋ ಬೆಂಕಿಯಲ್ಲಿ ಎಲ್ಲ ಸುಟ್ಟುಹೋಯಿತು ಅಂತಲೇ ಜನ ನಂಬಿದ್ದರು. 1967ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಕೆಲವು ತುಂಡುಗಳನ್ನು ಚರ್ಚಿಗೆ ಕೊಟ್ಟಿತು.

ಆ ತುಂಡುಗಳ ಫೋಟೋ ನೋಡು. ಅಂಟಿಸಿದ ಕಾಗದದ ಹಿಂಬದಿಯಲ್ಲಿ ಕರ್ಟ್‌ಲೆಂಡ್ ಸುತ್ತಲಿನ ನಕ್ಷೆ, ದೇವಾಲಯದ ಪ್ಲಾನ್ ಇದೆ. ಹಾಗಾಗಿ ಇವು ಸ್ಮಿತ್ ಅವರ ಬಳಿ ಇದ್ದವೇ ಅನ್ನೋದರಲ್ಲಿ ತಕರಾರಿಲ್ಲ. ಪುಸ್ತಕದ ಮೊದಲ ಚಿತ್ರದ ಮೂಲವೂ ಅಲ್ಲೇ ಇದೆ. ಚಿತ್ರದಲ್ಲಿ ನಿಂತವನ ತಲೆಯ ಜಾಗ ಹರಿದುಹೋಗಿದೆ, ಅಲ್ಲಿ ಕಾಗದದ ಮೇಲೆ ಯಾರೋ ಮನುಷ್ಯನ ತಲೆ ಬರೆದು ತುಂಬಿಸಿದ್ದಾರೆ. ಅಲ್ಲಿದ್ದದ್ದು ಈಜಿಪ್ಟಿನ ನರಿಮುಖದ ದೇವರು ಅನೂಬಿಸ್ ಅಂತ ಹೆಚ್ಚಿನ ತಜ್ಞರು ಹೇಳುತ್ತಾರೆ. ಚಿತ್ರದ ಪಕ್ಕದ ಬರಹ ಹೋರ್ ಎಂಬ ಪೂಜಾರಿಯ ಶವದ ಜೊತೆ ಇಡಲು ಬರೆದ ಮಂತ್ರಪಾಠ. ಅಬ್ರಹಾಮನ ಹೆಸರೇ ಇಲ್ಲ. ಇದನ್ನು ವಿರೋಧಿಗಳು ಮಾತ್ರ ಹೇಳುತ್ತಿಲ್ಲ, ನಮ್ಮ ಚರ್ಚೇ 2014ರ ಲೇಖನದಲ್ಲಿ ಒಪ್ಪಿಕೊಂಡಿದೆ.

ಸಮರ್ಥಕರು ಹೇಳೋದು ಮುಖ್ಯವಾಗಿ ಎರಡು. ಅನುವಾದವಾದ ಸುರುಳಿ ಕಳೆದುಹೋಗಿದೆ ಅನ್ನೋದು ಒಂದು. ಉದ್ದದ ಸುರುಳಿ ನೋಡಿದ್ದೆವು ಅಂದವರು ಆ ಕಾಲದಲ್ಲಿ ಇದ್ದರು, ನಿಜ. ಆದರೆ ಈ ಚಿತ್ರ ತನ್ನ ಬರಹದ ಆರಂಭದಲ್ಲಿದೆ ಅಂತ ಅಬ್ರಹಾಮನ ಪುಸ್ತಕವೇ ಹೇಳುತ್ತದೆ, ಆ ಆರಂಭದಲ್ಲಿ ಸಿಕ್ಕಿದ್ದು ಹೋರ್‌ನ ಪಾಠ. ಇನ್ನೊಂದು, ಪಪೈರಸ್ ಬರೀ ನೆಪ, ಬಂದದ್ದು ದೈವಪ್ರೇರಣೆ ಅನ್ನೋದು. ನನ್ನ ಮನಸ್ಸು ವಾಲೋದು ಈ ಕಡೆಗೇ. ಆದರೂ ಅಬ್ರಹಾಮ ಕೈಯಾರೆ ಪಪೈರಸ್ ಮೇಲೆ ಬರೆದದ್ದು ಅಂತ ಶೀರ್ಷಿಕೆಯಲ್ಲೇ ಇದೆಯಲ್ವಾ? ಅದನ್ನು ಗೆಳೆಯನಿಂದ ಬಚ್ಚಿಡಬೇಡ. ಹೀಗೂ ಆಗಿರಬಹುದು ಅನ್ನೋದಕ್ಕೂ ಹೀಗೇ ಆಗಿದೆ ಅನ್ನೋದಕ್ಕೂ ಬಹಳ ದೂರ ಇದೆ, ನಿನ್ನ ಉತ್ತರ ಆ ದೂರವನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ.

'ವಿರೋಧಿಗಳ ಸುಳ್ಳು' ಅಂತ ಬರೆದ ಸಾಲನ್ನು ದಯವಿಟ್ಟು ತೆಗೆ. 1984ರಲ್ಲಿ ಮಾರ್ಕ್ ಹಾಫ್‌ಮನ್‌ನ ಖೋಟಾ ಪತ್ರ ಹೊರಬಂತು, ಮಾರ್ಮನ್ ಗ್ರಂಥದ ಮೂಲ ಅಂತ ನಾವು ನಂಬುವ ಬಂಗಾರದ ಹಲಗೆಗಳು ಸಿಕ್ಕ ಜಾಗದಲ್ಲಿ ಸ್ಮಿತ್‌ಗೆ ಬಿಳಿ ಸಾಲಮಾಂಡರ್ (ಹಲ್ಲಿಯಂಥ ಪ್ರಾಣಿ) ಕಂಡಿತ್ತು ಅನ್ನೋ ಪತ್ರ. ನಮ್ಮವರಲ್ಲಿ ಕೆಲವರು ಅದಕ್ಕೂ ಸಮರ್ಥನೆ ಹೊಂದಿಸಿಬಿಟ್ಟಿದ್ದರು. ಪತ್ರದ ಮೇಲೆ ಮೊದಮೊದಲು ಅನುಮಾನ ಪಟ್ಟವರಲ್ಲಿ ಒಬ್ಬರು ಜೆರಾಲ್ಡ್ ಟ್ಯಾನರ್, ಚರ್ಚಿನ ಕಟ್ಟಾ ಟೀಕಾಕಾರ! ಪತ್ರ ನಿಜವಾಗಿದ್ದರೆ ಅವರ ವಾದಕ್ಕೇ ಲಾಭವಿತ್ತು, ಆದರೂ ಸುಮ್ಮನಿರಲಿಲ್ಲ. ಮರುವರ್ಷ ಹಾಫ್‌ಮನ್ ಬಾಂಬಿಟ್ಟು ಇಬ್ಬರನ್ನು ಕೊಂದ.

ಗೆಳೆಯ ಚರ್ಚ್ ಬಿಟ್ಟರೂ ಗೆಳೆಯನೇ. ಮೊದಲು ಆ 2014ರ ಲೇಖನವನ್ನು ಇಬ್ಬರೂ ಕೂತು ಓದಿ. ಆಮೇಲೆ ಬೇಕಿದ್ದರೆ ಹೊಸದಾಗಿ ಬರಿ, ಕಳಿಸುವ ಮುಂಚೆ ನನಗೂ ಒಮ್ಮೆ ತೋರಿಸು.

ನಿನ್ನ ಮಾವ