ಡಬ್ಬಿಯ ಕಾರ್ನ್‌ಫ್ಲೋರ್ ಗೋವಿನಜೋಳದ ಹಿಟ್ಟಲ್ಲ

ಮಾನ್ಯ ಸಂಪಾದಕರೇ,

ರಾಣೆಬೆನ್ನೂರು ತಾಲ್ಲೂಕಿನ ನಮ್ಮೂರಲ್ಲಿ 22 ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದೇನೆ. ಕಳೆದ ವಾರ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಜೋಳ ಬೀಸಿಸಲು ಬಂದಿದ್ದಳು. ಚೀಲದಲ್ಲಿ ಕಾರ್ನ್‌ಫ್ಲೋರ್ ಡಬ್ಬಿ ಇತ್ತು. ಎರಡು ವರ್ಷದ ಮಗನಿಗೆ ದಿನಾ ಅದರದ್ದೇ ಗಂಜಿಯಂತೆ. "ಇದೂ ಗೋವಿನಜೋಳದ ಹಿಟ್ಟೇ ಅಲ್ಲೇನ್ರಿ ಕಾಕಾ?" ಅಂದಳು. ಡಬ್ಬಿ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ 'ಮೇಜ್ ಸ್ಟಾರ್ಚ್' ಎಂದಿತ್ತು. ಅಂದರೆ ಗೋವಿನಜೋಳದ (ಮೆಕ್ಕೆಜೋಳದ) ಬರೀ ಪಿಷ್ಟ. ನನಗೆ ಸಂಕಟವಾಯಿತು.

ನುಚ್ಚಿಗೆಂದು ಮನೆಯಲ್ಲಿ ನೆನೆಹಾಕಿದ್ದ ಗೋವಿನಜೋಳದ ಒಂದು ಕಾಳು ತಂದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಅವಳ ಅಂಗೈ ಮೇಲಿಟ್ಟೆ. ಮೇಲೆ ತೆಳ್ಳನೆ ಸಿಪ್ಪೆ, ಅದು ನಾರು. ಚೂಪು ತುದಿಯ ಕಡೆ ಮಾಸಲು ಬಿಳಿ ಬಣ್ಣದ ಮೊಳಕೆ, ಅಂದರೆ ಸಸಿ ಹುಟ್ಟುವ ಭಾಗ. ಎಣ್ಣೆ, ಖನಿಜಾಂಶ ಜಾಸ್ತಿ ಇರುವುದು ಅಲ್ಲೇ. ಬೆರಳಲ್ಲಿ ಹಿಸುಕಿದರೆ ಜಿಡ್ಡು ಹತ್ತುತ್ತದೆ. ಕಾರ್ಖಾನೆಯಲ್ಲಿ ಸಿಪ್ಪೆ, ಮೊಳಕೆ, ಪ್ರೋಟೀನ್ ಎಲ್ಲ ಬೇರೆ ಮಾಡಿದ ಮೇಲೆ ಉಳಿಯುವ ಬಿಳಿ ಪುಡಿಯೇ ಆ ಡಬ್ಬಿಯಲ್ಲಿರುವುದು. ಸಾರು ಗಟ್ಟಿ ಮಾಡಲು, ಮಂಚೂರಿಗೆ ಅದು ಸರಿ. ಮಗುವಿನ ಹೊಟ್ಟೆಗೆ ಅದೇ ಊಟವಾದರೆ ಹೇಗೆ?

ಇಡೀ ಕಾಳಿನ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 9 ಗ್ರಾಂ ಪ್ರೋಟೀನ್, 7 ಗ್ರಾಂಗೂ ಜಾಸ್ತಿ ನಾರು ಇರುತ್ತದೆ. ಕಾಳಿಗೆ ಹಳದಿ ಬಣ್ಣ ಕೊಡುವ ಲ್ಯೂಟಿನ್, ಜಿಯಾಕ್ಸಾಂಥಿನ್ ಕಣ್ಣಿಗೆ ಒಳ್ಳೆಯವು. ಒಂದು ಕೊರತೆಯೂ ಇದೆ. ಇದರ ಪ್ರೋಟೀನಿನಲ್ಲಿ ಲೈಸಿನ್, ಟ್ರಿಪ್ಟೋಫಾನ್ ಎಂಬ, ದೇಹಕ್ಕೆ ಬೇಕೇ ಬೇಕಾದ ಎರಡು ಅಂಶಗಳು ಕಡಿಮೆ. ಅದಕ್ಕೆ ಬೇಳೆಕಾಳು, ಮಜ್ಜಿಗೆ ಜೊತೆಗಿರಬೇಕು. ನಮ್ಮವ್ವ ಗೋವಿನಜೋಳದ ನುಚ್ಚಿಗೆ ಮಜ್ಜಿಗೆ ಹುಯ್ದು, ಪಕ್ಕಕ್ಕೆ ಮಡಿಕೆಕಾಳಿನ ಪಲ್ಯ ಬಡಿಸುತ್ತಿದ್ದಳು. ಲೈಸಿನ್ ಹೆಸರು ಅವಳಿಗೆ ಗೊತ್ತಿರಲಿಲ್ಲ, ಬಡಿಸಿದ್ದು ಮಾತ್ರ ಸರಿಯಾಗಿತ್ತು.

ಬೀಸಿದ ಹಿಟ್ಟು ಬೇಗ ಕಮಟು ವಾಸನೆ ಬರುತ್ತದೆಂದು ಗಿರಾಕಿಗಳು ಗಿರಣಿಯನ್ನು ದೂರುತ್ತಾರೆ. ಅದು ಮೊಳಕೆಯ ಎಣ್ಣೆಯ ಗುಣ. ಸುಮ್ನೆ ಐದು ಕಿಲೋ ಬೀಸಿಸಬೇಡಿ, ಒಂದೊಂದೇ ಕಿಲೋ ಬೀಸಿಸಿ. ರಸ್ತೆ ಮೇಲೆ ಒಣಗಿಸುವಾಗ ಮಳೆಗೆ ಸಿಕ್ಕು ಬೂಸ್ಟು ಹಿಡಿದ ಕಾಳನ್ನು ಮಾತ್ರ ಯಾರಿಗೂ ತಿನ್ನಿಸಬೇಡಿ, ದನಕ್ಕೂ ಬೇಡ. ಬೂಸ್ಟಿನಿಂದ ಕಾಳಿಗೆ ಸೇರುವ ವಿಷ ಕುದಿಸಿದರೂ ಹೋಗುವುದಿಲ್ಲ.

ಹಾವೇರಿ, ದಾವಣಗೆರೆ ಕಡೆ ಎಲ್ಲಿ ನೋಡಿದರೂ ಇದೇ ಬೆಳೆ. ಜಾಸ್ತಿ ಪಾಲು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಬೆಳೆದವರ ಮನೆಯ ಮಗು ಡಬ್ಬಿಯ ಪಿಷ್ಟ ಕುಡಿಯುತ್ತಿದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಕಾರ್ನ್‌ಫ್ಲೋರ್ ಡಬ್ಬಿಯ ಮುಂಭಾಗದಲ್ಲಿ, ಹೆಸರಿನ ಪಕ್ಕದಲ್ಲೇ, 'ಇದು ಬರೀ ಪಿಷ್ಟ' ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ. ಆ ತಾಯಿಗೆ ಓದಲು ಬರುತ್ತದೆ. ಕನ್ನಡದಲ್ಲಿ ಬರೆದಿರಲಿಲ್ಲ, ಅಷ್ಟೇ.

– ಗಿರಣಿ ನಡೆಸುವ ಓದುಗ, ರಾಣೆಬೆನ್ನೂರು ತಾಲ್ಲೂಕು